ಸಂಪಾದಕರ ಉತ್ತರ: ಮಣ್ಣು ಮುಚ್ಚುವ ಮೊದಲು

ನಗರಾಡಳಿತವೊಂದರಲ್ಲಿ ಛಾಯಾಗ್ರಾಹಕರಾಗಿ ಹೊಸದಾಗಿ ಸೇರಿರುವ ಓದುಗರೊಬ್ಬರು ಬರೆದಿದ್ದಾರೆ: "ರಸ್ತೆ, ಚರಂಡಿ, ಸೇತುವೆ, ಪೈಪ್‌ಲೈನ್ ಎಲ್ಲದರ ಫೋಟೊ ತೆಗೆಯುತ್ತೇನೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೂ ಎಂಜಿನಿಯರುಗಳು 'ಇದರಿಂದ ಏನೂ ಗೊತ್ತಾಗುವುದಿಲ್ಲ' ಎಂದು ವಾಪಸು ಕಳಿಸುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ? ಬೀದಿಯಲ್ಲಿ ಓಡಾಡುವ ಜನರ ಚಿತ್ರವನ್ನೂ ಕಡತಕ್ಕೆ ಸೇರಿಸಬಹುದೆ?"

ನೀವು ಪತ್ರದ ಜೊತೆ ಕಳಿಸಿದ ಚಿತ್ರಗಳಲ್ಲಿ ನಾಲ್ಕನೆಯದನ್ನೇ ತೆಗೆದುಕೊಳ್ಳೋಣ. ಅಗೆದ ಕೆಂಪು ಮಣ್ಣು, ನಡುವೆ ನೀಲಿ ಪೈಪು, ಒಳ್ಳೆಯ ಬೆಳಕು. ಆದರೆ ಆ ಪೈಪು ಎಷ್ಟು ಆಳದಲ್ಲಿದೆ, ಎಷ್ಟು ದಪ್ಪ, ಯಾವ ಬೀದಿಯದು, ನೀರು ಯಾವ ಕಡೆಗೆ ಹರಿಯುತ್ತದೆ? ಒಂದಕ್ಕೂ ಉತ್ತರವಿಲ್ಲ. ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಇಂಥ ಚಿತ್ರವೇ, ಏಕೆಂದರೆ ರಸ್ತೆಯನ್ನು ನಾಳೆಯೂ ಹೋಗಿ ನೋಡಬಹುದು, ಮಣ್ಣಿನಡಿಯ ಪೈಪನ್ನು ನೋಡಲಾಗದು. ಪೈಪು ಇಳಿಸಿ ಮಣ್ಣು ಮುಚ್ಚುವ ನಡುವೆ ಸಿಗುವುದು ಕೆಲವೇ ಗಂಟೆ. ಹಾಗಾಗಿ ಕೆಲಸದ ಮೇಸ್ತ್ರಿ ಹಿಂದಿನ ದಿನವೇ ನಿಮಗೆ ಫೋನ್ ಮಾಡುವಂತೆ ಗೊತ್ತುಮಾಡಿಕೊಳ್ಳಿ.

ಅಲ್ಲಿ ಮೂರು ದೂರದಿಂದ ತೆಗೆಯಿರಿ. ದೂರದ ಚಿತ್ರದಲ್ಲಿ ಬೀದಿ ಗುರುತಾಗಬೇಕು. ನಡುವಿನದರಲ್ಲಿ ಎರಡು ಜಾಯಿಂಟ್‌ಗಳಾದರೂ ಕಾಣಬೇಕು. ಹತ್ತಿರದ್ದರಲ್ಲಿ ಅಳತೆ ಓದಲು ಬರಬೇಕು. ಆಳ ತೋರಿಸಲು ರಸ್ತೆಯ ಮಟ್ಟದಲ್ಲಿ ಕಂದಕಕ್ಕೆ ಅಡ್ಡಲಾಗಿ ನೇರವಾದ ಹಲಗೆ ಇಟ್ಟು, ಪೈಪಿನ ನೆತ್ತಿಯ ಮೇಲೆ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ. ಹಲಗೆಯ ಕೆಳ ಅಂಚು ಪಟ್ಟಿಯನ್ನು ಮುಟ್ಟುವಲ್ಲಿರುವ ಅಂಕೆಯೇ ಆಳ. ಮಂಡಿಯೂರಿ, ಕ್ಯಾಮೆರಾವನ್ನು ಆ ಅಂಕೆಯ ಎತ್ತರಕ್ಕೇ ತನ್ನಿ. ನಿಂತು ಮೇಲಿನಿಂದ ತೆಗೆದರೆ ಹಲಗೆಯ ಅಂಚು ಬೇರೆ ಅಂಕೆಯ ಮೇಲೆ ಕೂತ ಹಾಗೆ ಕಾಣುತ್ತದೆ. ಪಕ್ಕಗಳಿಗೆ ಆಸರೆ ಕೊಡದ ಆಳದ ಕಂದಕಕ್ಕೆ ಮಾತ್ರ ಇಳಿಯಬೇಡಿ. ಪಟ್ಟಿಯನ್ನು ಮೇಲಿನಿಂದಲೇ ಇಳಿಬಿಡಬಹುದು.

ಇನ್ನು ಜಾಗ. ಕಟ್ಟಡದ ಮೂಲೆ, ಮ್ಯಾನ್‌ಹೋಲ್ ಅಂಚು, ಇಂಥ ಅಲುಗದ ಗುರುತುಗಳಿಂದ ಜಾಯಿಂಟ್‌ಗೆ ಟೇಪ್ ಹಿಡಿದು ದೂರ ಬರೆದುಕೊಳ್ಳಿ. ಮರವನ್ನು ಗುರುತಾಗಿ ನಂಬಬೇಡಿ, ಅದನ್ನು ಕಡಿದುಬಿಡಬಹುದು. ಎರಡು ಗುರುತುಗಳಿಂದ ಅಳೆದರೆ ಆ ದೂರಗಳು ಎರಡು ಜಾಗಗಳಲ್ಲಿ ಕೂಡುತ್ತವೆ, ಗುರುತುಗಳನ್ನು ಸೇರಿಸುವ ಗೆರೆಯ ಈಚೆ ಒಂದು, ಆಚೆ ಒಂದು. ಆ ಗೆರೆಯ ಮೇಲಿಲ್ಲದ ಮೂರನೆಯ ಗುರುತಿನಿಂದ ಅಳತೆ ಇದ್ದರೆ ಗೊಂದಲವಿಲ್ಲ. ಫೋನಿನ ಜಿಪಿಎಸ್ ಒಂದನ್ನೇ ನಂಬಿದರೆ ಎತ್ತರದ ಕಟ್ಟಡಗಳ ನಡುವೆ ಹಲವು ಮೀಟರ್ ತಪ್ಪುತ್ತದೆ. ಅಷ್ಟು ತಪ್ಪಿದರೆ ಮುಂದೆ ಅಗೆಯುವವರು ಬೇರೆ ಕೇಬಲ್ ಕಡಿಯುತ್ತಾರೆ.

ಕಾಂಕ್ರೀಟ್ ಹಾಕುವ ಮೊದಲಿನ ಕಬ್ಬಿಣಕ್ಕೂ ಇದೇ ಕ್ರಮ. ಸರಳುಗಳ ನಡುವಿನ ಒಂದು ಸಂದನ್ನು ಅಳೆದು ತೋರಿಸಿದರೆ ಸಾಲದು. ಹತ್ತು ಸಂದುಗಳ ಮೇಲೆ ಟೇಪ್ ಎಳೆದಿಡಿ, ಆಗ ಸರಾಸರಿ ಅಂತರ ಸಿಗುತ್ತದೆ.

ಬಿರುಕಿನ ಚಿತ್ರ ಕೆಡುವುದು ಫ್ಲ್ಯಾಶ್‌ನಿಂದ. ಎದುರಿನಿಂದ ಬೆಳಕು ಬಿದ್ದರೆ ನೆರಳೇ ಇರುವುದಿಲ್ಲ, ಗೋಡೆ ಚಪ್ಪಟೆಯಾಗಿ ಬಿರುಕು ಮಾಯವಾಗುತ್ತದೆ. ದೀಪವನ್ನು ಪಕ್ಕದಿಂದ, ಗೋಡೆಯನ್ನು ಸವರುವ ಹಾಗೆ ಹಿಡಿಯಿರಿ. ಬಿರುಕಿನ ಎರಡೂ ತುದಿಗೆ ಗುರುತು ಹಾಕಿ ತಾರೀಖು ಬರೆದರೆ, ಮುಂದಿನ ಸಲ ಅದು ಬೆಳೆದಿದೆಯೋ ಇಲ್ಲವೋ ಚಿತ್ರವೇ ಹೇಳುತ್ತದೆ. ರಸ್ತೆ ಗುಂಡಿಗೂ ಬೆಳಗಿನ ಓರೆ ಬಿಸಿಲೇ ವಾಸಿ. ನೀರು ತುಂಬಿದ ಗುಂಡಿಯಲ್ಲಿ ಅಳತೆಪಟ್ಟಿ ನಿಲ್ಲಿಸದಿದ್ದರೆ ಆಳ ತಿಳಿಯದು.

ಕಾಮಗಾರಿಗೆ ಮೊದಲು ಮತ್ತು ನಂತರ ತೆಗೆಯುವ ಜೋಡಿಯಲ್ಲಿ ಹಳೆಯ ಚಿತ್ರದ ಪ್ರಿಂಟ್ ಕೈಯಲ್ಲಿರಲಿ. ಅದರಲ್ಲಿ ಹತ್ತಿರದ ಕಂಬದ ಅಂಚು ಹಿಂದಿನ ಮನೆಯ ಕಿಟಕಿಯನ್ನು ಮುಟ್ಟಿದ್ದರೆ, ಈಗಲೂ ಮುಟ್ಟುವವರೆಗೆ ಎಡಕ್ಕೂ ಬಲಕ್ಕೂ ಸರಿಯಿರಿ. ಅರ್ಧ ಹೆಜ್ಜೆ ತಪ್ಪಿದರೂ ಆ ಜೋಡಣೆ ಬಿಡುತ್ತದೆ. ಲೆನ್ಸ್, ಟ್ರೈಪಾಡ್ ಎತ್ತರ, ಮುಖ ಮಾಡಿದ ದಿಕ್ಕು, ಸಮಯ ಇವನ್ನು ಮೊದಲ ದಿನವೇ ಬರೆದಿಡಿ. ಕ್ಯಾಮೆರಾದ ಮುಖವನ್ನು ಮೇಲಕ್ಕೆ ಎತ್ತಿದರೆ ಚಿತ್ರದಲ್ಲಿ ಕಟ್ಟಡಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಮಟ್ಟವಾಗಿಟ್ಟು ಹಿಂದೆ ಸರಿಯಿರಿ. ಮ್ಯಾನ್‌ಹೋಲ್ ಒಳಗಿನದಕ್ಕೆ ತಲೆ ಬಗ್ಗಿಸಲೇಬೇಡಿ, ವಿಷಗಾಳಿ ಒಂದೇ ಉಸಿರಿಗೆ ಜ್ಞಾನ ತಪ್ಪಿಸಬಲ್ಲದು. ಕೋಲಿಗೆ ಕ್ಯಾಮೆರಾ ಮತ್ತು ದೀಪ ಕಟ್ಟಿ ಇಳಿಸಿ.

ವಿವರವನ್ನು ಅದೇ ಸಂಜೆ ಬರೆಯಿರಿ, ವಾರ ಕಳೆದರೆ ಎಲ್ಲ ಕಂದಕಗಳೂ ಒಂದೇ ಥರ ಕಾಣುತ್ತವೆ. ಫೈಲಿನ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುವಾದರೆ ತಾನಾಗಿಯೇ ಸಾಲಾಗಿ ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗಿ, ಒಳಗಿದ್ದ ಸಮಯ, ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಮೂಲ ಫೈಲನ್ನು ತಿದ್ದಬೇಡಿ. ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ.

ಜನರ ಬಗ್ಗೆ ಕೇಳಿದ್ದೀರಿ. ಖಂಡಿತ ಸೇರಿಸಿ. ಯೂಜೀನ್ ಡಿ ಸಾಲಿನ್ಯಾಕ್ ಎಂಬ ಛಾಯಾಗ್ರಾಹಕರು 1906ರಿಂದ 1934ರವರೆಗೆ ನ್ಯೂಯಾರ್ಕ್ ನಗರದ ಸೇತುವೆಗಳನ್ನು ನೋಡಿಕೊಳ್ಳುವ ಇಲಾಖೆಗೆ ಸುಮಾರು 20,000 ಚಿತ್ರ ತೆಗೆದರು. 1914ರಲ್ಲಿ ಬ್ರೂಕ್ಲಿನ್ ಸೇತುವೆಯ ತಂತಿಗಳ ಮೇಲೆ ಬಣ್ಣ ಬಳಿಯುವವರನ್ನು ತೆಗೆದ ಚಿತ್ರವೂ ಅದರಲ್ಲೊಂದು. ಇಷ್ಟೆಲ್ಲ ಒಬ್ಬನೇ ಮನುಷ್ಯನ ಕೆಲಸ ಎಂದು ಪತ್ರಾಗಾರದವರ ಗಮನಕ್ಕೆ ಬಂದದ್ದು 1999ರಲ್ಲಿ. ತಂತಿಯ ದಪ್ಪ, ಏಣಿಯಿಲ್ಲದೆ ನಿಂತ ಕಾಲು, ಆ ಕಾಲದ ಬಟ್ಟೆ, ಎಲ್ಲವನ್ನೂ ಹೇಳುವುದು ಆ ಬಣ್ಣದವರೇ. ನಿಮ್ಮ ಚರಂಡಿಯ ಅಗಲವನ್ನು ಅದರಲ್ಲಿ ನಿಂತ ಪೌರಕಾರ್ಮಿಕರಷ್ಟು ಚೆನ್ನಾಗಿ ಯಾವ ಅಳತೆಪಟ್ಟಿಯೂ ತೋರಿಸದು. ಆದರೆ ಅವರಿಗೆ ಹೇಳಿ, ಒಪ್ಪಿಗೆ ಪಡೆದು ತೆಗೆಯಿರಿ. ಆಸ್ಪತ್ರೆ ಬಾಗಿಲು, ಪರಿಹಾರದ ಸಾಲು, ಮಕ್ಕಳು, ಇಲ್ಲಿ ಮುಖ ಬೇಡ.

ನಾಲ್ಕನೆಯ ಚಿತ್ರದ ಕಂದಕ ಈಗ ಮುಚ್ಚಿರಬೇಕು. ಅದರ ಬಲ ಮೂಲೆಯಲ್ಲಿ ವಾಲ್ವ್ ಮುಚ್ಚಳದ ಅಂಚು ಅರ್ಧ ಕಾಣುತ್ತಿದೆ. ಆ ಮುಚ್ಚಳ ಇನ್ನೂ ರಸ್ತೆ ಮೇಲೆ ಇದ್ದರೆ, ಪೈಪು ಇಳಿಸಿದವರನ್ನು ಕರೆದುಕೊಂಡು ಹೋಗಿ, ಅವರು ತೋರಿಸಿದ ಜಾಗಕ್ಕೆ ಅಲ್ಲಿಂದ ಟೇಪ್ ಹಿಡಿದು, "ನೆನಪಿನಿಂದ ಗುರುತಿಸಿದ್ದು" ಎಂದು ಸ್ಪಷ್ಟವಾಗಿ ಬರೆದು ಕಡತಕ್ಕೆ ಸೇರಿಸಿ.