ಹಿಡಿದ ಮೀನನ್ನು ಬಿಡುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ರಜೆಗೆ ಊರಿಗೆ ಬಂದಾಗಲೆಲ್ಲ ಮರವಂತೆ ಮತ್ತು ಗಂಗೊಳ್ಳಿಯ ಕಡೆ ದಡದಲ್ಲಿ ನಿಂತು ಗಾಳ ಹಾಕುತ್ತೇನೆ. ಮನೆಗೆ ಬೇಕಾದ ಒಂದೆರಡು ಮೀನು ಇಟ್ಟುಕೊಂಡು ಉಳಿದದ್ದನ್ನು ಕಡಲಿಗೇ ಬಿಡುವುದು ನನ್ನ ರೂಢಿ. ಆದರೆ ಕಳೆದ ಬಾರಿ ಬಿಟ್ಟ ಎರಡು ಮೀನುಗಳು ಅರ್ಧ ಗಂಟೆಯೊಳಗೆ ಹೊಟ್ಟೆ ಮೇಲಾಗಿ ಅಲೆಯೊಂದಿಗೆ ಮರಳಿ ದಡಕ್ಕೆ ಬಂದವು. ನಾನು ಮಾಡಿದ ತಪ್ಪೇನು?
— ಓದುಗರು, ಕುಂದಾಪುರ

ಉತ್ತರ: ಆ ಎರಡು ಮೀನುಗಳು ನಿಮ್ಮನ್ನು ಕಾಡಿದ್ದರಿಂದಲೇ ಈ ಪತ್ರ ಬಂದಿದೆ. ಹೆಚ್ಚಿನವರು ಮೀನು ಕೈಯಿಂದ ಜಾರಿ ನೀರಿಗೆ ಬಿದ್ದೊಡನೆ ಅದು ಬದುಕಿತೆಂದು ನಂಬಿ ಮುಂದಿನ ಎರೆ ಪೋಣಿಸತೊಡಗುತ್ತಾರೆ. ಆದರೆ ಬಿಟ್ಟ ಮೀನು ಬದುಕುವುದೋ ಇಲ್ಲವೋ ಎಂಬುದು ಬಿಡುವ ಗಳಿಗೆಗಿಂತ ಬಹಳ ಮೊದಲೇ, ನೀವು ಯಾವ ಕೊಕ್ಕೆ ಕಟ್ಟಿದಿರಿ, ಎಷ್ಟು ಹೊತ್ತು ಎಳೆದಾಡಿದಿರಿ, ದಡಕ್ಕೆ ಹೇಗೆ ತಂದಿರಿ ಎಂಬುದರಲ್ಲೇ ತೀರ್ಮಾನವಾಗಿರುತ್ತದೆ.

ಮೊದಲು ಕೊಕ್ಕೆಯ ವಿಷಯ. ಸಿಗಡಿ, ಬೊಂಡಾಸ್ (ಸ್ಕ್ವಿಡ್) ಅಥವಾ ಬೂತಾಯಿ ಮೀನಿನ ತುಂಡನ್ನು ಎರೆಯಾಗಿ ಹಾಕಿ ಕಾದು ಕೂರುವ ಗಾಳಕ್ಕೆ, ತುದಿ ಒಳಮುಖವಾಗಿ ಬಾಗಿರುವ ಸರ್ಕಲ್ ಹುಕ್ ಅನ್ನೇ ಕಟ್ಟಿರಿ. ಮೀನು ಎರೆ ನುಂಗಿ ತಿರುಗಿ ಹೊರಟಾಗ ಈ ಕೊಕ್ಕೆ ಗಂಟಲಿನಿಂದ ಜಾರಿ ಬಂದು ಸಾಮಾನ್ಯವಾಗಿ ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಇದಕ್ಕಾಗಿ ನೀವು ಹಳೆಯ ಅಭ್ಯಾಸವೊಂದನ್ನು ಬಿಡಬೇಕಾಗುತ್ತದೆ: ಕೋಲು ಅಲುಗಿದ ಕೂಡಲೇ ಜಗ್ಗಬಾರದು, ನೂಲು ಬಿಗಿಯಾಗುವವರೆಗೆ ಕಾದು ನಿಧಾನವಾಗಿ ಸುತ್ತತೊಡಗಬೇಕು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ನೂಲು ಸಡಿಲ ಬಿಡದಿದ್ದರೆ ತಪ್ಪಿಸಿಕೊಳ್ಳುವ ಮೀನುಗಳು ಕಡಿಮೆ, ಬಿಡಿಸುವುದಂತೂ ಒಂದು ತಿರುವಿನ ಕೆಲಸ.

ಎರಡನೆಯದು ಆಯಾಸ. ತೀರ ತೆಳುವಾದ ತಂಗೂಸಿ ನೂಲಿನಲ್ಲಿ ದೊಡ್ಡ ಮೀನನ್ನು ಹತ್ತಿಪ್ಪತ್ತು ನಿಮಿಷ ಆಡಿಸಿ ದಣಿಸುವುದನ್ನು ಕೆಲವರು ಜಾಣತನವೆಂದು ಹೊಗಳುತ್ತಾರೆ; ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಹೋರಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ರಕ್ತದ ಸಮತೋಲವೇ ಕೆಡುತ್ತದೆ, ಮತ್ತು ಆಗ ಈಜಿಹೋದಂತೆ ಕಂಡ ಮೀನು ಗಂಟೆಗಳ ನಂತರವೂ ಸಾಯಬಹುದು. ಮಾರ್ಚ್ ಮತ್ತು ಏಪ್ರಿಲ್‌ನ ಬಿಸಿ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ ಇರುವುದರಿಂದ ಆ ತಿಂಗಳುಗಳಲ್ಲಿ ಗಟ್ಟಿ ನೂಲು ಕಟ್ಟಿ ಬೇಗ ದಡಕ್ಕೆ ತರುವುದು ಇನ್ನೂ ಮುಖ್ಯ.

ನಿಮ್ಮ ಮೀನುಗಳು ಸತ್ತದ್ದು ಬಹುಶಃ ಮೂರನೆಯ ಹಂತದಲ್ಲಿ. ನಮ್ಮ ಮರಳದಂಡೆಯಲ್ಲಿ ದೋಣಿಯಿಂದ ಹಿಡಿದಂತೆ ಮೀನನ್ನು ನೇರ ಎತ್ತಿಕೊಳ್ಳಲು ಆಗುವುದಿಲ್ಲ. ಒಡೆಯುವ ಅಲೆಯ ನಡುವಿನಿಂದಲೇ ತರಬೇಕು. ಅಲೆ ಹಿಂದಕ್ಕೆ ಸರಿಯುವಾಗ ಎಳೆಯಬೇಡಿ, ನೂಲು ಬಿಗಿ ಹಿಡಿದು ಸುಮ್ಮನೆ ನಿಲ್ಲಿ. ಮುಂದಿನ ಅಲೆ ಬಂದಾಗ ಅದರೊಂದಿಗೆ ಸುತ್ತುತ್ತ ಹಿಂದೆ ಸರಿದರೆ ಅಲೆಯೇ ಮೀನನ್ನು ಹೊತ್ತು ತರುತ್ತದೆ. ಅದನ್ನು ಒಣ ಮರಳಿನವರೆಗೆ ಎಳೆಯದೆ, ಪಾದ ಮುಳುಗುವಷ್ಟು ನೀರು ಇರುವಲ್ಲಿಯೇ ನೀವು ಇಳಿದು ಹಿಡಿಯಿರಿ.

ಹಲವು ವರ್ಷಗಳ ಹಿಂದೆ ನಾನು ಒಂದು ಕಾಣೆ ಮೀನನ್ನು ಒಣಗಿದ ಕೈಯಿಂದ ಹಿಡಿದು ಕೊಕ್ಕೆ ಬಿಡಿಸಿದ್ದೆ. ಮೀನನ್ನು ನೀರಿಗೆ ಬಿಡುವ ಮೊದಲು ನೋಡಿದರೆ ಅದರ ಬೆಳ್ಳಿ ಮೈಯ ಮೇಲೆ ನನ್ನ ನಾಲ್ಕು ಬೆರಳುಗಳ ಮಾಸಲು ಗುರುತು ಸ್ಪಷ್ಟವಾಗಿ ಮೂಡಿತ್ತು, ಅಂಗೈಯಲ್ಲಿ ಸಣ್ಣ ಹುರುಪೆಗಳು ಲೋಳೆಯೊಂದಿಗೆ ಅಂಟಿಕೊಂಡು ಹೊಳೆಯುತ್ತಿದ್ದವು. ಆ ಲೋಳೆಯೇ ಮೀನಿಗೆ ರೋಗಾಣುಗಳಿಂದ ರಕ್ಷಣೆ ಕೊಡುವ ಹೊದಿಕೆ. ಬಿಸಿಲಿಗೆ ಕಾದ ಮರಳಿನ ಮೇಲೆ ಹೊರಳಾಡಿದ ಮೀನು ಅದನ್ನು ಕಳೆದುಕೊಂಡೇ ಕಡಲಿಗೆ ಮರಳುತ್ತದೆ, ಜೊತೆಗೆ ಕಿವಿರಿನೊಳಗೆ ಮರಳನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಂದು ಕೈಯನ್ನು ಹೊಟ್ಟೆಯಡಿಗೆ ಕೊಟ್ಟು ಮೀನನ್ನು ಅಡ್ಡಡ್ಡವಾಗಿ ಹಿಡಿಯಿರಿ, ಕಿವಿರಿಗೆ ಬೆರಳು ತೂರಿಸಬೇಡಿ, ಭಾರದ ಮೀನನ್ನು ದವಡೆಯಿಂದ ನೇತಾಡಿಸಬೇಡಿ. ಫೋಟೊ ಬೇಕಿದ್ದರೆ ಫೋನು ಸಿದ್ಧವಾದ ಮೇಲೆಯೇ ಎತ್ತಿ, ಎತ್ತಿದ ಕ್ಷಣದಿಂದ ನೀವೂ ಉಸಿರು ಬಿಗಿಹಿಡಿಯಿರಿ. ನಿಮಗೆ ಕಷ್ಟವಾಗುವಷ್ಟರಲ್ಲಿ ಅದು ನೀರಿನಲ್ಲಿರಬೇಕು.

ಬಿಡುವಾಗ ಎಸೆಯಬಾರದು. ಮೊಣಕಾಲು ಮಟ್ಟದ ನೀರಿಗಿಳಿದು, ಬರುವ ಅಲೆಗೆ ಮುಖಮಾಡಿ ಹಿಡಿದುಕೊಂಡರೆ ನೀರು ಬಾಯಿಯಿಂದ ಹೊಕ್ಕು ಕಿವಿರಿನ ಮೂಲಕ ಹರಿಯುತ್ತದೆ. ಹಿಂದೆ ಮುಂದೆ ಜಗ್ಗಾಡಿಸುವ ಅಗತ್ಯವಿಲ್ಲ. ಬಾಲ ಗಟ್ಟಿಯಾಗಿ ಬೀಸಿ ಅದಾಗಿಯೇ ಕೈಯಿಂದ ಜಾರುವವರೆಗೆ ಕಾಯುವುದಷ್ಟೇ ನಿಮ್ಮ ಕೆಲಸ.

ಪ್ರಶ್ನೆ: "ಹಿಡಿದ ಮೇಲೆ ತಿನ್ನಬೇಕು, ತಿನ್ನದಿದ್ದರೆ ಹಿಡಿಯಬಾರದು, ಬಿಡುವುದಕ್ಕೆಂದೇ ನೋಯಿಸುವುದು ಯಾವ ನ್ಯಾಯ?" ಎಂದು ನನ್ನ ತಂದೆ ಕೇಳುತ್ತಾರೆ. ಅವರಿಗೆ ಏನೆಂದು ಉತ್ತರಿಸಲಿ?
— ಓದುಗರು, ಉಡುಪಿ

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ನಾನು ಅಲ್ಲಗಳೆಯಲಾಗದ ಸತ್ಯವಿದೆ. ಕಿವಿರಿನಿಂದ ರಕ್ತ ಒಸರುತ್ತಿರುವ, ತಿನ್ನಲು ತಕ್ಕ ಗಾತ್ರದ ಮೀನನ್ನು 'ನಾನು ಬಿಡುವವನು' ಎಂಬ ಸಮಾಧಾನಕ್ಕಾಗಿ ಕಡಲಿಗೆ ಹಾಕುವುದು ಸರಿಯಲ್ಲ; ಅದು ಉಳಿಯುವ ಸಾಧ್ಯತೆ ತೀರ ಕಡಿಮೆ, ಆದ್ದರಿಂದ ಮನೆಗೊಯ್ದು ಸಾರು ಮಾಡಿ. ಕೊಕ್ಕೆ ಗಂಟಲಿಗಿಳಿದಿದ್ದರೂ ರಕ್ತವಿಲ್ಲದಿದ್ದರೆ, ಕಿತ್ತು ತೆಗೆಯುವ ಬದಲು ನೂಲನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಟ್ಟರೆ ಬದುಕುವ ಅವಕಾಶ ಹೆಚ್ಚು. ಹಾಗೆ ಒಳಗುಳಿದ ಕೊಕ್ಕೆ ತುಕ್ಕು ಹಿಡಿದು ಸವೆಯಬೇಕು; ಇದಕ್ಕಾಗಿಯೇ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ ಬೇಡವೆನ್ನುತ್ತೇನೆ.

ಆದರೆ ಗಾಳ ಹಾಕುವವನಿಗೆ ಯಾವ ಮೀನು ಸಿಕ್ಕುತ್ತದೆಂಬ ಆಯ್ಕೆ ಇರುವುದಿಲ್ಲ, ಸಿಕ್ಕಿದ್ದನ್ನು ಇಟ್ಟುಕೊಳ್ಳುವ ಅಥವಾ ಬಿಡುವ ಆಯ್ಕೆ ಮಾತ್ರ ಇರುತ್ತದೆ. ಹೋಟೆಲುಗಳಲ್ಲಿ ಸೀಬಾಸ್ ಎಂದು ಕರೆಯುವ ಮೀನನ್ನೇ ನೋಡಿ. ಅದು ಸಾಮಾನ್ಯವಾಗಿ ಗಂಡಾಗಿಯೇ ಮೊದಲು ಪ್ರಾಯಕ್ಕೆ ಬಂದು, ಕೆಲವು ವರ್ಷಗಳ ಬಳಿಕ, ಸುಮಾರು 80 ಸೆಂಟಿಮೀಟರ್ ಮೀರುವ ಹೊತ್ತಿಗೆ ಹೆಣ್ಣಾಗಿ ಬದಲಾಗುತ್ತದೆ. ಅಂದರೆ ಅಳಿವೆಯಲ್ಲಿ ನಮಗೆ ಸಿಕ್ಕುವ ಅತಿ ದೊಡ್ಡ ಸೀಬಾಸ್‌ಗಳು ಬಹುಪಾಲು ಹೆಣ್ಣುಗಳು, ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲವು. ಅಂಥದ್ದೊಂದನ್ನು ಬಿಟ್ಟು ಮಧ್ಯಮ ಗಾತ್ರದ್ದನ್ನು ಮನೆಗೆ ತರುವುದಕ್ಕೆ ನಿಮ್ಮ ತಂದೆಯವರೂ ಒಪ್ಪಿಯಾರು ಎಂದು ನನಗನ್ನಿಸುತ್ತದೆ. ಮನೆಗೆ ಸಾಕಾದ ಮೇಲೂ ಸಂಖ್ಯೆಗಾಗಿ ಹಿಡಿಯುತ್ತ, ಬಿಡುತ್ತ ಸಂಜೆಯವರೆಗೆ ನಿಲ್ಲುವುದಾದರೆ ಮಾತ್ರ ಅವರ ಪಕ್ಷವೇ ನನ್ನದು. ಕೋಲು ಮಡಿಸಿ ಮನೆಗೆ ಹೋಗಿ.

ಪ್ರಶ್ನೆ: ಗಾಳಕ್ಕೆ ತೊರಕೆ ಬಿದ್ದರೆ ಕೊಕ್ಕೆ ಬಿಡಿಸುವುದು ಹೇಗೆ?
— ಓದುಗರು, ಸುರತ್ಕಲ್

ಉತ್ತರ: ತೊರಕೆ ಎಂದರೆ ಚಪ್ಪಟೆ ಮೈಯ ಸ್ಟಿಂಗ್‌ರೇ ಮೀನು. ಅದರ ಬಾಲದ ಬುಡದ ಮುಳ್ಳಿನಲ್ಲಿ ವಿಷವಿರುತ್ತದೆ, ಬಾಲ ಮೇಲಕ್ಕೂ ಪಕ್ಕಕ್ಕೂ ಚಾಟಿಯಂತೆ ಬೀಸುತ್ತದೆ. ಉದ್ದ ಹಿಡಿಯ ಇಕ್ಕಳವಿಲ್ಲದಿದ್ದರೆ ಕೈಹಾಕದೆ ನೂಲು ಕತ್ತರಿಸಿ. ಬಾಲ ಕಡಿದು ಬಿಡುವ ಕ್ರೌರ್ಯವನ್ನು ದಯವಿಟ್ಟು ಯಾರೂ ಮಾಡಬೇಡಿ. ಚುಚ್ಚಿದರೆ ಗಾಯವನ್ನು ತೊಳೆದು, ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಬಿಸಿಗೆ ನೋವು ತಗ್ಗುತ್ತದೆ. ನೀರಿನ ಬಿಸಿಯನ್ನು ಗಾಯವಾಗದ ಕೈಯಿಂದ ಪರೀಕ್ಷಿಸಬೇಕು. ಮುಳ್ಳು ಆಳಕ್ಕೆ ಹೊಕ್ಕಿದ್ದರೆ, ಅದರಲ್ಲೂ ಎದೆ ಅಥವಾ ಹೊಟ್ಟೆಗೆ ಚುಚ್ಚಿದ್ದರೆ ಕೀಳಲು ಹೋಗದೆ ತಕ್ಷಣ ಆಸ್ಪತ್ರೆಗೆ ಧಾವಿಸಿ. ಇನ್ನೊಂದು ಮಾತು: ಮೂತಿ ಚೂಪಾಗಿ, ಮುಂಭಾಗ ತೊರಕೆಯಂತೆ, ಹಿಂಭಾಗ ಶಾರ್ಕ್‌ನಂತೆ ಕಾಣುವ ಗಿಟಾರ್ ಮೀನುಗಳಲ್ಲಿ ಕೆಲವು ಜಾತಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಗುರುತು ಹಿಡಿಯಲು ಗೊತ್ತಿಲ್ಲದವರು ಎಲ್ಲವನ್ನೂ ಬಿಟ್ಟುಬಿಡುವುದು ಕ್ಷೇಮ.

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ನಿಷೇಧ ದಡದ ಗಾಳಕ್ಕೂ ಅನ್ವಯಿಸುತ್ತದೆಯೇ?
— ಓದುಗರು, ಹೊನ್ನಾವರ

ಉತ್ತರ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವಿರುವುದು ಯಾಂತ್ರೀಕೃತ ದೋಣಿಗಳಿಗೆ, ದಡದಲ್ಲಿ ನಿಂತು ಗಾಳ ಹಾಕುವವರಿಗಲ್ಲ. ಆದರೂ ಆ ದಿನಗಳಲ್ಲಿ ತಡೆಗೋಡೆಯ ಪಾಚಿಗಟ್ಟಿದ ಬಂಡೆಗಳ ಮೇಲೆ ನಿಲ್ಲುವುದು ಪ್ರಾಣಕ್ಕೆ ಎರವಾದೀತು. ಜೊತೆಗೆ ನಾನು ಮೇಲೆ ಹೇಳಿದ ಸೀಬಾಸ್ ಮೊಟ್ಟೆ ಇಡಲು ಅಳಿವೆಯ ಬಾಯಿಗೆ ಬಂದು ಸೇರುವುದೂ ಮಳೆಗಾಲದಲ್ಲೇ. ನಾನು ಆ ಎರಡು ತಿಂಗಳು ಕೋಲನ್ನು ಗೋಡೆಗೆ ಒರಗಿಸಿಟ್ಟು, ರೀಲ್‌ಗೆ ಎಣ್ಣೆ ಹಾಕಿ, ಹಳೆಯ ನೂಲು ಬದಲಿಸುತ್ತೇನೆ. ತೆಗೆದ ನೂಲನ್ನು ದಡದಲ್ಲಿ ಎಸೆಯದೆ ಚಿಕ್ಕ ಚಿಕ್ಕ ತುಂಡು ಮಾಡಿ ಕಸಕ್ಕೆ ಹಾಕಿ. ಚಳಿಗಾಲದಲ್ಲಿ ಮೊಟ್ಟೆ ಇಡಲು ಇದೇ ಮರಳಿಗೆ ಬರುವ ಕಡಲಾಮೆಗಳ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ.