ಓದುಗರ ಪ್ರಶ್ನೆ: ಹತ್ತು ಪೇಪರು, ಮೂರು ಲೆಕ್ಕ

ವೈದ್ಯಕೀಯ ಸಂಶೋಧಕರ ಪೇಪರು, ಸೈಟೇಶನ್ (ಒಂದು ಪೇಪರನ್ನು ಇತರ ಬರಹಗಳು ಉಲ್ಲೇಖಿಸುವುದು), ಎಚ್-ಇಂಡೆಕ್ಸ್ (ಆ ಉಲ್ಲೇಖಗಳಿಂದ ಸಂಶೋಧಕರನ್ನು ಅಳೆಯುವ ಅಂಕಿ) ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ.

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ನನ್ನ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 9, ಸ್ಕೋಪಸ್‌ನಲ್ಲಿ 6, ವೆಬ್ ಆಫ್ ಸೈನ್ಸ್‌ನಲ್ಲಿ 5 ಎಂದು ತೋರಿಸುತ್ತದೆ. ಅರ್ಜಿಯಲ್ಲಿ ಯಾವುದನ್ನು ಬರೆಯಲಿ?
— ಓದುಗರು, ಹಾಸನ

ಉತ್ತರ: ಇವು ಪೇಪರು, ಸೈಟೇಶನ್ ಎಣಿಸುವ ಮೂರು ಬೇರೆ ಬೇರೆ ತಾಣಗಳು, ಹಾಗಾಗಿ ಮೂರೂ ಸರಿ ಇರಬಹುದು. ಅರ್ಜಿಯಲ್ಲಿ ಇಂಥದ್ದೇ ಎಂದು ಕೇಳಿದ್ದರೆ ಅದನ್ನು ಬರೆಯಿರಿ. ಕೇಳದಿದ್ದರೆ ಸ್ಕೋಪಸ್‌ನದ್ದು ಬರೆದು, ಪಕ್ಕದಲ್ಲಿ ಮೂಲದ ಹೆಸರು ಮತ್ತು ನೋಡಿದ ದಿನಾಂಕ ಹಾಕಿ. ಅವೆರಡೂ ಇಲ್ಲದ ಎಚ್-ಇಂಡೆಕ್ಸ್ ಎಂದರೆ ಯಾವ ಊರಿನ ಸೇರು ಎಂದು ಹೇಳದೆ ಮೂರು ಸೇರು ರಾಗಿ ಎಂದಂತೆ.

ಲೆಕ್ಕ ಕೈಯಲ್ಲೇ ಮಾಡಿ ನೋಡಿ. ತಲಾ ಆರು ಅಥವಾ ಹೆಚ್ಚು ಸೈಟೇಶನ್ ಪಡೆದ ಆರು ಪೇಪರು ಇದ್ದು, ತಲಾ ಏಳು ಪಡೆದ ಏಳು ಪೇಪರು ಇಲ್ಲದಿದ್ದರೆ ಎಚ್ 6. ಹತ್ತು ಪೇಪರುಗಳಿಗೆ ಬಂದ ಸೈಟೇಶನ್ ಹೆಚ್ಚಿನದರಿಂದ ಕಡಿಮೆಗೆ 48, 21, 15, 9, 7, 7, 5, 2, 1, 0 ಎಂದಿಟ್ಟುಕೊಳ್ಳಿ. ಆರನೆಯ ಪೇಪರಿಗೆ 7 ಇದೆ, ಅಂದರೆ ಆರಕ್ಕಿಂತ ಕಡಿಮೆಯಿಲ್ಲ. ಏಳನೆಯದಕ್ಕೆ 5 ಮಾತ್ರ, ಏಳು ಮುಟ್ಟಲಿಲ್ಲ. ಹಾಗಾಗಿ ಎಚ್ 6. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಮುಂದಿಟ್ಟ ಸೂತ್ರ ಇಷ್ಟೇ. ಮೊದಲನೆಯ ಪೇಪರಿಗೆ 48ರ ಬದಲು 480 ಬಂದರೂ ಎಚ್ ಆರರಲ್ಲೇ ಇರುತ್ತದೆ. ಅದು ಈ ಅಳತೆಯ ಗುಣವೂ ಹೌದು, ದೋಷವೂ ಹೌದು. ಸ್ಕಾಲರ್ ತೋರಿಸುವ ಐ10 ಎಂದರೆ ಹತ್ತು ಅಥವಾ ಹೆಚ್ಚು ಸೈಟೇಶನ್ ಪಡೆದ ಪೇಪರುಗಳ ಸಂಖ್ಯೆ. ಇಲ್ಲಿ ಅದು 3.

ವ್ಯತ್ಯಾಸ ಏಕೆಂದರೆ, ಸ್ಕಾಲರ್ ಪಿಎಚ್.ಡಿ. ಪ್ರಬಂಧ, ಪ್ರೀಪ್ರಿಂಟ್ (ತಜ್ಞರ ಪರಿಶೀಲನೆಗೆ ಮುನ್ನ ಆನ್‌ಲೈನ್‌ಗೆ ಹಾಕಿದ ಪ್ರತಿ), ಸಮ್ಮೇಳನದ ಸಾರಾಂಶ, ಪುಸ್ತಕ, ಕಾಲೇಜಿನ ವೆಬ್‌ಸೈಟಿಗೆ ಏರಿಸಿದ ಪಿಡಿಎಫ್ ಎಲ್ಲದರಿಂದಲೂ ಸೈಟೇಶನ್ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆಯ್ದ ಪಟ್ಟಿಯಲ್ಲಿರುವುದನ್ನಷ್ಟೇ ಎಣಿಸುತ್ತವೆ. ಪಬ್‌ಮೆಡ್ ಅನ್ನು ಈ ಸಾಲಿಗೆ ಸೇರಿಸಬೇಡಿ. ಅದು ಪೇಪರು ಹುಡುಕುವ ಜಾಗ. ಅದರ ಸೈಟೇಶನ್ ಲೆಕ್ಕ ಅಪೂರ್ಣ.

ಅರ್ಜಿಗೆ ಮುನ್ನ ಸ್ಕಾಲರ್ ಪ್ರೊಫೈಲನ್ನು ಒಮ್ಮೆ ಗುಡಿಸಿ. ಒಂದೇ ಪೇಪರು ಎರಡು ಸಾಲಾಗಿ ಕೂತಿರುವುದು ತೀರಾ ಸಾಮಾನ್ಯ: ಒಂದು ಪ್ರೀಪ್ರಿಂಟ್, ಇನ್ನೊಂದು ಜರ್ನಲ್ ಪ್ರತಿ. ಮೇಲಿನ ಉದಾಹರಣೆಯಲ್ಲಿ 5 ಮತ್ತು 2 ಒಂದೇ ಪೇಪರಿನ ಎರಡು ರೂಪಗಳಾಗಿದ್ದರೆ, ಎರಡಕ್ಕೂ ಟಿಕ್ ಹಾಕಿ ಮರ್ಜ್ ಒತ್ತಿದಾಗ 7 ಆಗಿ ಎಚ್ ಕೂಡ 7ಕ್ಕೆ ಏರುತ್ತದೆ. ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಪೇಪರುಗಳನ್ನು ತಾನಾಗಿಯೇ ಸೇರಿಸಿಕೊಳ್ಳಲು ಬಿಟ್ಟಿದ್ದರೆ ನಿಮ್ಮ ಹೆಸರಿನ ಇನ್ನೊಬ್ಬರ ಪೇಪರೂ ಬಂದು ಕೂರುತ್ತದೆ, ಸಂದರ್ಶನದಲ್ಲಿ ‘ಇದು ನಿಮ್ಮದೇ?’ ಎಂದರೆ ಉತ್ತರ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ, ಮೊದಲು ಇಮೇಲ್ ಮಾಡಿ ನಿಮ್ಮನ್ನು ಕೇಳುವ ಆಯ್ಕೆಗೆ ಬದಲಿಸಿಕೊಳ್ಳಿ.

ಪ್ರಶ್ನೆ: ನನ್ನ ಹನ್ನೊಂದು ಪೇಪರುಗಳು ಸ್ಕೋಪಸ್‌ನಲ್ಲಿ ಮೂರು ಬೇರೆ ಬೇರೆ ಲೇಖಕರ ಹೆಸರಿನಲ್ಲಿ ಹಂಚಿಹೋಗಿವೆ. ಒಂದು ಕಡೆ ನನ್ನ ಉಪನಾಮವೇ ‘ಕೆ’ ಎಂದಿದೆ! ಸರಿಪಡಿಸುವುದು ಹೇಗೆ?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಇದು ನಮ್ಮ ಕಡೆಯ ಹೆಸರುಗಳಿಗೆ ಅಂಟಿದ ಕಾಯಿಲೆ. ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಕೊನೆಗೆ ನಮ್ಮ ಹೆಸರು. ಜರ್ನಲ್‌ನ ಫಾರಂ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡೇ ಖಾನೆ ಇಟ್ಟು, ಕೊನೆಯದು ಕಡ್ಡಾಯ ಎನ್ನುತ್ತದೆ. ಒಮ್ಮೆ ಅಲ್ಲಿ ಇನಿಷಿಯಲ್ ತುಂಬುತ್ತೀರಿ, ಇನ್ನೊಮ್ಮೆ ಸಹಲೇಖಕರು ‘ಗೌಡ’ ಎಂದು ತುಂಬುತ್ತಾರೆ, ಮತ್ತೊಮ್ಮೆ ಮಂಜುನಾಥ ಹೋಗಿ ಮಂಜುನಾಥ್ ಆಗುತ್ತದೆ. ಯಂತ್ರದ ಕಣ್ಣಿಗೆ ಅವರು ಮೂವರು.

ಮೊದಲು ಆರ್ಕಿಡ್ (ORCID) ಸಂಖ್ಯೆ, ಅಂದರೆ ಒಬ್ಬೊಬ್ಬ ಸಂಶೋಧಕರಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಿ. ಉಚಿತ, ಐದು ನಿಮಿಷದ ಕೆಲಸ. ಹದಿನಾರು ಸ್ಥಾನ, ನಾಲ್ಕರ ನಾಲ್ಕು ಗುಂಪು, ಕೊನೆಯ ಸ್ಥಾನದಲ್ಲಿ ಕೆಲವೊಮ್ಮೆ ‘ಎಕ್ಸ್’ ಇರುತ್ತದೆ, ಅದು ತಪ್ಪಲ್ಲ. ಕಾಲೇಜಿನ ಇಮೇಲ್ ಒಂದನ್ನೇ ಕೊಡಬೇಡಿ. ವರ್ಗವಾದ ಮೇಲೆ ಆ ಇಮೇಲ್ ಮುಚ್ಚಿದರೆ ಪಾಸ್‌ವರ್ಡ್ ಮರೆತಾಗ ಒಳಗೆ ಹೋಗಲು ದಾರಿ ಇರುವುದಿಲ್ಲ; ಸ್ವಂತದ ಇಮೇಲನ್ನೂ ಸೇರಿಸಿ. ಹೆಸರಿನ ಎಲ್ಲ ರೂಪಗಳನ್ನೂ ‘ಇತರ ಹೆಸರುಗಳು’ ಖಾನೆಯಲ್ಲಿ ಬರೆಯಿರಿ. ಪೇಪರುಗಳನ್ನು ಕೈಯಲ್ಲಿ ಟೈಪ್ ಮಾಡುವ ಬದಲು ಪೇಪರುಗಳ ದಾಖಲೆ ಇಡುವ ಕ್ರಾಸ್‌ರೆಫ್, ಯುರೋಪ್ ಪಿಎಂಸಿ ಅಥವಾ ಸ್ಕೋಪಸ್‌ನಿಂದ ಎಳೆದುಕೊಳ್ಳಿ.

ಆಮೇಲೆ ಸ್ಕೋಪಸ್‌ನ ಉಚಿತ ಲೇಖಕ ಹುಡುಕಾಟದಲ್ಲಿ ಮೂರೂ ಪ್ರೊಫೈಲ್ ಗುರುತು ಹಾಕಿ, ಒಂದಾಗಿಸಲು ಕೋರಿಕೆ ಸಲ್ಲಿಸಿ. ಅಲ್ಲಿಯೂ ನಿಮ್ಮದಲ್ಲದ ಪೇಪರು ಕಂಡರೆ ತೆಗೆಸಿ. ವಿಲೀನಕ್ಕೆ ಸಮಯ ಹಿಡಿಯುತ್ತದೆ, ಅರ್ಜಿಯ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಇನ್ನು ಮುಂದೆ ಹೆಸರಿನ ಒಂದೇ ರೂಪ, ಒಂದೇ ಕಾಗುಣಿತ. ಇನಿಷಿಯಲ್‌ಗಳಲ್ಲಿ ಒಂದನ್ನಾದರೂ ಪೂರ್ತಿ ಬಿಡಿಸಿ ಬರೆದರೆ ಅರ್ಧ ಗೋಜಲು ಮುಗಿಯಿತು. ‘ಗೌಡ’ ಒಂದನ್ನೇ ನಂಬಿದರೆ ಹಾಸನ ಜಿಲ್ಲೆಯವರು ಎಲ್ಲಿ ಕಳೆದುಹೋದರೋ ಹುಡುಕಲಾಗದು!

ಪ್ರಶ್ನೆ: ಮಂಗನ ಕಾಯಿಲೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರ ಸೈಟೇಶನ್ ನೂರರ ಆಸುಪಾಸಿನಲ್ಲಿದ್ದರೆ, ಸಕ್ಕರೆ ಕಾಯಿಲೆಯವರದ್ದು ಸಾವಿರ ದಾಟಿರುತ್ತದೆ. ಮೊದಲಿನವರ ಕೆಲಸ ಕಡಿಮೆ ದರ್ಜೆಯದೇ?
— ಓದುಗರು, ಕೊಪ್ಪ

ಉತ್ತರ: ಅರೇಬಿಕಾ ತೋಟದ ಇಳುವರಿಯನ್ನು ರೋಬಸ್ಟಾ ತೋಟದ ಪಕ್ಕ ಇಟ್ಟು ಅಳೆದಂತಾಯಿತು. ಒಂದು ಪೇಪರಿಗೆ ಎಷ್ಟು ಸೈಟೇಶನ್ ಬರುತ್ತದೆ ಎಂಬುದು ಆ ವಿಷಯದಲ್ಲಿ ಎಷ್ಟು ಜನ ಬರೆಯುತ್ತಿದ್ದಾರೆ ಎಂಬುದರ ಮೇಲೂ ನಿಂತಿದೆ. ಮಧುಮೇಹದ ಮೇಲೆ ಲೋಕವೆಲ್ಲ ಬರೆಯುತ್ತದೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ಬಳಿಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟದ್ದು, ಉಣುಗಿನಿಂದ ಹರಡುವಂಥದ್ದು, ಪಶ್ಚಿಮ ಘಟ್ಟದ ಅಂಚಿನಲ್ಲೇ ಉಳಿದದ್ದು. ಬರೆಯುವವರೇ ಕಡಿಮೆ, ಉಲ್ಲೇಖಿಸುವವರು ಎಲ್ಲಿಂದ ಬರಬೇಕು?

ಇದಕ್ಕೆ ಒಂದು ಒಳ್ಳೆಯ ಸಾಧನ ಇದೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ರೂಪಿಸಿದ ‘ರಿಲೇಟಿವ್ ಸೈಟೇಶನ್ ರೇಶಿಯೊ’, ಚಿಕ್ಕದಾಗಿ ಆರ್‌ಸಿಆರ್. ನಿಮ್ಮ ಪೇಪರಿನ ಜೊತೆ ಒಂದೇ ಪಟ್ಟಿಯಲ್ಲಿ ಉಲ್ಲೇಖವಾದ ಇತರ ಪೇಪರುಗಳನ್ನು ನೋಡಿ ಕ್ಷೇತ್ರ ಯಾವುದೆಂದು ತೀರ್ಮಾನಿಸುತ್ತದೆ. ಜರ್ನಲ್‌ನ ಹೆಸರು ನೋಡಿ ಅಲ್ಲ. 1.0 ಎಂದರೆ ಎನ್‌ಐಎಚ್ ಹಣದಲ್ಲಿ ನಡೆದ ಸಂಶೋಧನೆಯ ನಡುಮಟ್ಟ. ಪಬ್‌ಮೆಡ್‌ನಲ್ಲಿ ಲೇಖಕರ ಹೆಸರು ಹುಡುಕಿ, ಸೇವ್ ಒತ್ತಿ, ಎಲ್ಲ ಫಲಿತಾಂಶಗಳನ್ನೂ ಪಿಎಂಐಡಿ (ಪ್ರತಿ ಪೇಪರಿಗೂ ಪಬ್‌ಮೆಡ್ ಕೊಡುವ ಸಂಖ್ಯೆ) ರೂಪದಲ್ಲಿ ಇಳಿಸಿಕೊಳ್ಳಿ. ಆ ಸಂಖ್ಯೆಗಳ ಕಡತವನ್ನು ಐಸೈಟ್ ಎಂಬ ಉಚಿತ ತಾಣಕ್ಕೆ ಏರಿಸಿದರೆ ಪ್ರತಿ ಪೇಪರಿನ ಆರ್‌ಸಿಆರ್ ಬರುತ್ತದೆ. ಪಬ್‌ಮೆಡ್‌ನಲ್ಲಿ ಇಲ್ಲದ ಪೇಪರು ಲೆಕ್ಕಕ್ಕೆ ಸಿಗುವುದಿಲ್ಲ, ಹೊಸ ಪೇಪರಿನ ಅಂಕಿಯನ್ನು ನಂಬಬೇಡಿ. ಸರಾಸರಿಗಿಂತ ಮಧ್ಯಾಂಕ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ನೋಡಿ. ಒಂದೇ ಒಂದು ಭಾರೀ ಪೇಪರು ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ.

ಪ್ರಶ್ನೆ: ‘ವಿಶ್ವದ ಶೇ 2 ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಪ್ರಾಧ್ಯಾಪಕರು, ಸ್ಟ್ಯಾನ್‌ಫರ್ಡ್ ವಿವಿ ಗೌರವ’ ಎಂದು ಪತ್ರಿಕೆಯಲ್ಲಿ ಓದಿದೆ. ಇದು ಎಂಥ ಪ್ರಶಸ್ತಿ?
— ಓದುಗರು, ಚಿಕ್ಕಮಗಳೂರು

ಉತ್ತರ: ಪ್ರಶಸ್ತಿ ಅಲ್ಲ, ಅರ್ಜಿ ಇಲ್ಲ, ಸಮಾರಂಭ ಇಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್‌ನ ದತ್ತಾಂಶದಿಂದ ಲೆಕ್ಕ ಹಾಕಿ ಬಿಡುಗಡೆ ಮಾಡುವ ದೊಡ್ಡ ಎಕ್ಸೆಲ್ ಪಟ್ಟಿ ಅದು. 2019ರಲ್ಲಿ ಶುರುವಾಯಿತು. ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ಒಡೆದು, ಆರು ಅಂಕಿಗಳನ್ನು ಸೇರಿಸಿ ಒಂದು ಸ್ಕೋರ್ ಕೊಡುತ್ತಾರೆ. ಹಾಗೆಂದು ಇದು ಪೊಳ್ಳಲ್ಲ. ಬರೀ ಎಚ್-ಇಂಡೆಕ್ಸ್‌ಗಿಂತ ಚೆನ್ನಾಗಿಯೇ ಯೋಚಿಸಿ ಮಾಡಿದ್ದಾರೆ.

ಆರರಲ್ಲಿ ಮೂರು, ಒಬ್ಬರೇ ಬರೆದ, ಮೊದಲ ಅಥವಾ ಕೊನೆಯ ಲೇಖಕರಾಗಿ ಬರೆದ ಪೇಪರುಗಳಿಗೆ ಬಂದ ಸೈಟೇಶನ್‌ಗೆ ಸಂಬಂಧಿಸಿದವು. ಇನ್ನೊಂದು, ಲೇಖಕರ ಸಂಖ್ಯೆಯಿಂದ ಭಾಗಿಸಿ ತೆಗೆದ ಎಚ್. ಏಕೆ ಬೇಕಾಯಿತು ಗೊತ್ತೇ? ಜಾಗತಿಕ ರೋಗಭಾರ ಅಧ್ಯಯನದಂಥ ಪೇಪರುಗಳಲ್ಲಿ ನೂರಾರು ಲೇಖಕರು ಇರುತ್ತಾರೆ, ಸಾವಿರಾರು ಸೈಟೇಶನ್ ಬರುತ್ತದೆ, ಪಟ್ಟಿಯ ಮಧ್ಯದಲ್ಲಿ ಹೆಸರಿರುವವರಿಗೂ ಪೂರ್ತಿ ಲೆಕ್ಕ ಸಿಗುತ್ತದೆ. ಹತ್ತು ಜನ ಹೊತ್ತ ಪಲ್ಲಕ್ಕಿಯ ತೂಕವನ್ನು ಒಬ್ಬನ ಹೆಗಲಿಗೆ ಬರೆದಂತೆ.

ಸುದ್ದಿ ಓದುವಾಗ ಮೂರು ವಿಷಯ ಕೇಳಿ. ಜೀವಮಾನದ ಪಟ್ಟಿಯೋ, ಒಂದು ವರ್ಷದ ಪಟ್ಟಿಯೋ? ಎರಡೂ ಇವೆ, ಸುದ್ದಿಯಲ್ಲಿ ಅದನ್ನು ಹೇಳುವುದು ಅಪರೂಪ. ಸ್ವಂತ ಪೇಪರನ್ನು ತಾವೇ ಉಲ್ಲೇಖಿಸಿಕೊಂಡ ಪ್ರಮಾಣ ಎಷ್ಟು? ಅದಕ್ಕೆ ಪಟ್ಟಿಯಲ್ಲೇ ಒಂದು ಕಾಲಂ ಇದೆ. ಹಿಂದಿನ ಕೆಲಸವನ್ನು ಮುಂದುವರಿಸುವವರು ಸ್ವಲ್ಪ ಸ್ವ-ಉಲ್ಲೇಖ ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ. ಅದೇ ಉಪಕ್ಷೇತ್ರದ ಇತರರಿಗಿಂತ ಬಹಳ ಮೇಲಿದ್ದರೆ ಮಾತ್ರ ಹುಬ್ಬೇರಿಸಿ. ಮೂರನೆಯದು, ಪ್ರಕಟವಾದ ಮೇಲೆ ಹಿಂಪಡೆದ ಪೇಪರು ಇದೆಯೇ ಎಂಬುದು. ಇತ್ತೀಚಿನ ಆವೃತ್ತಿಗಳಲ್ಲಿ ಅದೂ ದಾಖಲಾಗುತ್ತದೆ. ಪ್ರಾಮಾಣಿಕ ತಪ್ಪಿಗೂ ಪೇಪರು ಹಿಂಪಡೆಯುವುದುಂಟು, ಹಾಗಾಗಿ ಕಾರಣದ ಟಿಪ್ಪಣಿ ಓದದೆ ತೀರ್ಪು ಕೊಡಬೇಡಿ.

ಪ್ರಶ್ನೆ: ‘ಇಂಪ್ಯಾಕ್ಟ್ ಫ್ಯಾಕ್ಟರ್ 7.8, ಮೂರು ದಿನದಲ್ಲಿ ಸ್ವೀಕಾರ’ ಎಂದು ಜರ್ನಲ್‌ನಿಂದ ಇಮೇಲ್ ಬಂದಿದೆ. ಬಡ್ತಿಗೆ ಪೇಪರು ತುರ್ತಾಗಿ ಬೇಕು. ಕಳಿಸಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಬೇಡ. ಮೂರು ದಿನದಲ್ಲಿ ಇಬ್ಬರು ತಜ್ಞರು ಪೇಪರು ಓದಿ, ತಿದ್ದಿಸಿ, ಮತ್ತೆ ಓದುವುದು ಆಗದ ಮಾತು.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಕ್ಲಾರಿವೇಟ್ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ಅಂಕಿ. ಹಿಂದಿನ ಎರಡು ವರ್ಷ ಜರ್ನಲ್ ಪ್ರಕಟಿಸಿದ್ದಕ್ಕೆ ಈ ವರ್ಷ ಬಂದ ಸೈಟೇಶನ್ 500, ಆ ಎರಡು ವರ್ಷಗಳ ಲೇಖನ 200 ಆದರೆ 2.5. ‘ಗ್ಲೋಬಲ್’, ‘ಸೈಂಟಿಫಿಕ್’ ಎಂಬ ಬಾಲ ಅಂಟಿಸಿಕೊಂಡ ಫ್ಯಾಕ್ಟರ್‌ಗಳು ಅದಲ್ಲ. ಅಸಲಿಯೇ ಆದರೂ ಅದು ಜರ್ನಲ್‌ನ ಅಂಕಿ, ನಿಮ್ಮ ಪೇಪರಿನದ್ದಲ್ಲ.

ಕಳಿಸುವ ಮುನ್ನ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ) ಸಂಖ್ಯೆ ಹಿಡಿದು ಹುಡುಕಿ, ಹೆಸರು ಹಿಡಿದು ಅಲ್ಲ. ಒಳ್ಳೆಯ ಜರ್ನಲ್‌ನ ಹೆಸರನ್ನೇ ಕದ್ದ ನಕಲಿ ತಾಣಗಳಿವೆ. ಸ್ಕೋಪಸ್‌ನ ಮೂಲಗಳ ಪಟ್ಟಿಯಲ್ಲಿ ಇದ್ದರೂ ‘ನಿಲ್ಲಿಸಲಾಗಿದೆ’ ಎಂಬ ಷರಾ ಇದೆಯೇ ನೋಡಿ. ‘ಪಬ್‌ಮೆಡ್‌ನಲ್ಲಿದೆ’ ಎಂದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ (ಎನ್‌ಎಲ್‌ಎಂ) ಕ್ಯಾಟಲಾಗ್‌ನಲ್ಲಿ ಜರ್ನಲ್‌ನ ಪುಟ ತೆರೆದು, ಈಗ ಮೆಡ್‌ಲೈನ್‌ಗೆ (ಪಬ್‌ಮೆಡ್‌ನೊಳಗಿನ ಆಯ್ದ ಜರ್ನಲ್‌ಗಳ ಸೂಚಿ) ಸೂಚೀಕೃತವೇ ಎಂಬ ಸಾಲು ಓದಿ. ಕೆಲವು ಲೇಖನ ಪಬ್‌ಮೆಡ್ ಸೆಂಟ್ರಲ್ ಎಂಬ ಪೂರ್ತಿ ಲೇಖನಗಳ ಭಂಡಾರದ ಮೂಲಕ ಪಬ್‌ಮೆಡ್‌ಗೆ ಬಂದಿರುತ್ತವೆ, ಜರ್ನಲ್ ಮೆಡ್‌ಲೈನ್‌ನಲ್ಲಿ ಇರುವುದೇ ಇಲ್ಲ.

ಬಡ್ತಿಯ ಮಾತು: ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮ ಮೂಲ ಸಂಶೋಧನೆ, ಮೆಟಾ-ಅನಾಲಿಸಿಸ್ (ಹಲವು ಅಧ್ಯಯನಗಳ ಅಂಕಿ ಕೂಡಿಸಿದ ಲೆಕ್ಕ), ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಅಧ್ಯಯನಗಳ ಕ್ರಮಬದ್ಧ ವಿಮರ್ಶೆ), ಕೇಸ್ ಸೀರೀಸ್ (ಹಲವು ರೋಗಿಗಳ ವರದಿ) ಇವುಗಳನ್ನು ಹೆಸರಿಸಿ, ಯಾವ ಸೂಚಿಗಳಲ್ಲಿರಬೇಕೆಂದೂ ಹೇಳಿತ್ತು. ಒಬ್ಬ ರೋಗಿಯ ಕೇಸ್ ರಿಪೋರ್ಟ್ ಆ ಸಾಲಿನಲ್ಲಿ ಇರಲಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಈಗ ಜಾರಿಯಲ್ಲಿರುವ ಪ್ರತಿಯನ್ನೇ ಮುಂದಿಟ್ಟುಕೊಳ್ಳಿ.

ಈಗಾಗಲೇ ಕಳಿಸಿಬಿಟ್ಟಿದ್ದರೆ ಹಕ್ಕು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಬೇಡಿ. ಪೇಪರು ವಾಪಸ್ ಪಡೆಯುತ್ತಿದ್ದೇನೆ ಎಂದು ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಅವರ ಒಪ್ಪಿಗೆ ಬರುವ ಮೊದಲೇ ಬೇರೆ ಕಡೆ ಕಳಿಸಿದರೆ, ಎರಡೂ ಕಡೆ ಅಚ್ಚಾಗಿ ದ್ವಿಪ್ರಕಟಣೆಯ ಆರೋಪ ನಿಮ್ಮ ಮೇಲೆಯೇ ಬರುತ್ತದೆ.

ಪ್ರಶ್ನೆ: ತಾಯಿಗೆ ಶಸ್ತ್ರಚಿಕಿತ್ಸೆ ಆಗಬೇಕು. ಇಬ್ಬರು ಸರ್ಜನ್‌ಗಳಲ್ಲಿ ಎಚ್-ಇಂಡೆಕ್ಸ್ ಹೆಚ್ಚಿರುವವರನ್ನು ಆರಿಸಬಹುದೇ?
— ಓದುಗರು, ಅರಸೀಕೆರೆ

ಉತ್ತರ: ಆ ಅಂಕಿ ಕೈಚಳಕ ಹೇಳುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನೋಡಿ. ಇದೇ ಆಪರೇಶನ್ ವರ್ಷಕ್ಕೆ ಎಷ್ಟು ಮಾಡುತ್ತಾರೆ, ತೊಡಕಾದರೆ ಆ ಆಸ್ಪತ್ರೆಯಲ್ಲೇ ಐಸಿಯು ಮತ್ತು ರಕ್ತ ಸಿಗುತ್ತದೆಯೇ ಎಂದು ನೇರವಾಗಿ ಕೇಳಿ.