ಮನೆಯಲ್ಲಿ ನಿಮ್ಮನ್ನು ಎಬ್ಬಿಸುವವರು ಯಾರು?

ಓದುಗರ ಪತ್ರ: ಮೂರು ವರ್ಷದಿಂದ ವರ್ಕ್ ಫ್ರಮ್ ಹೋಮ್ ಮಾಡುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ರಾತ್ರಿ ಹತ್ತಾದರೂ ಕೆಲಸ ಮುಗಿದ ಹಾಗೆ ಅನಿಸುವುದಿಲ್ಲ. ಕುತ್ತಿಗೆ ನೋವು, ಕಣ್ಣುರಿ. ಮೌಸ್ ಹಿಡಿಯುವ ಕೈ ರಾತ್ರಿ ಹೊತ್ತು ಜುಮ್ಮೆನ್ನುತ್ತದೆ, ಅದೇನು ದೊಡ್ಡದಲ್ಲ ಬಿಡಿ. ಮನೆಯವರು ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂದು ಏನಾದರೂ ಹೇಳುತ್ತಲೇ ಇರುತ್ತಾರೆ. ನನಗೆ ಶಿಸ್ತೇ ಇಲ್ಲ ಅನಿಸುತ್ತಿದೆ. ಒಳ್ಳೆಯ ಕುರ್ಚಿ ಕೊಂಡರೆ ಸರಿಹೋಗುತ್ತದಾ?
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಶಿಸ್ತಿಲ್ಲ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ಹದಿನಾಲ್ಕು ಗಂಟೆ ಒಂದೇ ಕಡೆ ಕೂತು ದುಡಿಯುವವರು ಹೇಳುವ ಮಾತಾ ಅದು? ಪತ್ರವನ್ನು ಎರಡು ಸಲ ಓದಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನೀವು ಎದ್ದ ಒಂದು ಗಳಿಗೆಯೂ ಅದರಲ್ಲಿ ಸಿಗಲಿಲ್ಲ.

ಆಫೀಸಿನ ಒಂದು ದಿನ ನೆನಪು ಮಾಡಿಕೊಳ್ಳಿ. ಮೀಟಿಂಗ್ ಅಂದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಪ್ರಿಂಟರ್ ಒಂದು ಮೂಲೆಯಲ್ಲಿ, ನೀರು ಇನ್ನೊಂದು ಮೂಲೆಯಲ್ಲಿ. ಮಧ್ಯಾಹ್ನ ಯಾರೋ ಬಂದು ‘ಊಟಕ್ಕೆ ಏಳ್ರಿ’ ಅನ್ನುತ್ತಾರೆ. ಸಂಜೆ ಪಕ್ಕದವರು ಬ್ಯಾಗು ಹೆಗಲಿಗೇರಿಸುತ್ತಾರೆ, ದೀಪ ಒಂದೊಂದಾಗಿ ಆರುತ್ತದೆ, ನೀವೂ ಏಳುತ್ತೀರಿ. ಇದನ್ನೆಲ್ಲ ಯಾರೂ ಆರೋಗ್ಯಕ್ಕೆಂದು ಮಾಡಿದ್ದಲ್ಲ. ತಾನಾಗಿ ಆಗುತ್ತಿತ್ತು. ಮನೆಯಲ್ಲಿ ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಹೋಗಲು ಬೆರಳು ಆಡಿಸಿದರೆ ಸಾಕು. ಎಬ್ಬಿಸುವವರೇ ಇಲ್ಲ.

ಮನೆಯಲ್ಲಿ ಕೂತವರು ಕೆಲಸ ಮಾಡುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಜೊತೆಗಾರರು ಚೀನಾದ ಸಿಟ್ರಿಪ್ ಕಂಪನಿಯ ಕಾಲ್ ಸೆಂಟರ್ ನೌಕರರ ಮೇಲೆ ಒಂಬತ್ತು ತಿಂಗಳು ಒಂದು ಪ್ರಯೋಗ ನಡೆಸಿದರು. ವರದಿ 2015ರಲ್ಲಿ ಬಂತು. ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಜಾಸ್ತಿಯಾಗಿತ್ತು. ಆದರೆ ಆ 13ರಲ್ಲಿ 9ರಷ್ಟು ಬಂದದ್ದು ಜಾಸ್ತಿ ಹೊತ್ತು ಕೂತಿದ್ದರಿಂದ. ಅವರು ಬಿಡುವು ತೆಗೆದುಕೊಂಡದ್ದು ಕಡಿಮೆ, ಹುಷಾರಿಲ್ಲ ಎಂದು ರಜೆ ಹಾಕಿದ್ದೂ ಕಡಿಮೆ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಈ ಲೆಕ್ಕ.

ಈಗ ಕುರ್ಚಿಯ ವಿಷಯ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಿಗೆ, ನಾವು ದೊಡ್ಡವರಾದ ಮೇಲೆ, ನೇರವಾಗಿ ರಕ್ತ ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಅವುಗಳಿಗೆ ಬೇಕಾದದ್ದು ಸುತ್ತಲಿನಿಂದ ನಿಧಾನವಾಗಿ ಒಳಗೆ ಇಳಿಯಬೇಕು. ಬಾಗಿದಾಗ, ಎದ್ದಾಗ, ನಡೆದಾಗ ಅವು ಸ್ಪಂಜಿನ ಹಾಗೆ ಒತ್ತಿಕೊಂಡು ಮತ್ತೆ ಅರಳುತ್ತವೆ. ಕಾಲಿನ ಮೀನಖಂಡವೂ ಹಾಗೆಯೇ. ನಾವು ನಡೆದರೆ ಅದು ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕೂತರೆ ಸುಮ್ನೆ ಇರುತ್ತದೆ. ಎಷ್ಟು ದುಬಾರಿ ಕುರ್ಚಿ ತಂದರೂ ಈ ಕೆಲಸ ಅದರಿಂದ ಆಗದು. ಈಗಿರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ತಾಗುತ್ತದಾ, ಸೊಂಟದ ಹಿಂದೆ ಆಸರೆ ಇದೆಯಾ ನೋಡಿ. ಎರಡೂ ಇದ್ದರೆ ಸದ್ಯಕ್ಕೆ ಅದೇ ಸಾಕು.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಬೇರೆ ಕೀಬೋರ್ಡ್ ಒಂದನ್ನು ಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಪರದೆ, ಕೀಲಿಮಣೆ ಎರಡೂ ಅಂಟಿಕೊಂಡಿರುತ್ತವೆ. ಪರದೆ ಕಣ್ಣಿಗೆ ಸರಿಹೋದರೆ ಕೈ ಮೇಲೆತ್ತಬೇಕು, ಕೈಗೆ ಸರಿಹೋದರೆ ಕುತ್ತಿಗೆ ಬಗ್ಗಿಸಬೇಕು. 2020ರಲ್ಲಿ ನಾವೂ ಕೆಲವು ತಿಂಗಳು ಪತ್ರಿಕೆಯನ್ನು ಮನೆಯಿಂದಲೇ ತಂದೆವು. ಒಂದು ಸಂಜೆ ಪುಟ ತಿದ್ದುತ್ತಿದ್ದಾಗ ಪರದೆ ಒಂದು ಕ್ಷಣ ಕಪ್ಪಾಯಿತು. ಅದರಲ್ಲಿ ನನ್ನ ನೆರಳು ಕಂಡಿತು. ಗದ್ದ ಮುಂದಕ್ಕೆ ಚಾಚಿಕೊಂಡಿತ್ತು. ಹೆಗಲು ಕಿವಿಯ ಹತ್ತಿರಕ್ಕೆ ಬಂದಿತ್ತು. ಮನುಷ್ಯನ ತಲೆ ಸುಮಾರು ಐದು ಕಿಲೋ ತೂಗುತ್ತದೆ. ಅದು ಮುಂದಕ್ಕೆ ಬೀಳದ ಹಾಗೆ ಕುತ್ತಿಗೆಯ ಹಿಂದಿನ ಸ್ನಾಯುಗಳು ಇಡೀ ದಿನ ಎಳೆದು ಹಿಡಿದಿದ್ದವು. ನೋಯದೆ ಇನ್ನೇನು? ಆವತ್ತೇ ನಾಲ್ಕು ದಪ್ಪ ನಿಘಂಟುಗಳನ್ನು ಲ್ಯಾಪ್‌ಟಾಪಿನ ಅಡಿಗೆ ಇಟ್ಟೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಬೇರೆ ಕೀಬೋರ್ಡನ್ನು ಮೊಣಕೈ ಎತ್ತರದಲ್ಲಿ, ಮಣಿಕಟ್ಟು ನೇರವಾಗಿರುವಂತೆ ಇಟ್ಟುಕೊಂಡೆ. ಹದಿನೈದು ದಿನದಲ್ಲಿ ಕುತ್ತಿಗೆ ಹಗುರವಾಯಿತು. ನಿಘಂಟುಗಳು ಇವತ್ತಿಗೂ ಅಲ್ಲೇ ಇವೆ.

ಕಣ್ಣುರಿಗೆ ಕಾರಣ ಸರಳ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದಷ್ಟು ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕಿಂತಲೂ ಇಳಿಯಬಹುದು. ಕಣ್ಣಿನ ಪಸೆ ಆರುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರಲ್ಲ, ಅದನ್ನು ಪಾಲಿಸಿ. ಕೂತಲ್ಲಿಂದಲೇ ಬೇಡ, ಎದ್ದು ಕಿಟಕಿಯವರೆಗೆ ಹೋಗಿ ನೋಡಿ.

ಹೀಗೆ ಎಬ್ಬಿಸುವ ಕೆಲಸವನ್ನು ಮನೆಯ ವಸ್ತುಗಳಿಗೇ ಒಪ್ಪಿಸಬಹುದು. ನೆನಪಿಟ್ಟುಕೊಂಡು ಏಳುತ್ತೇನೆ ಅಂದುಕೊಂಡರೆ ಎರಡು ದಿನ ನಡೆಯುತ್ತದೆ, ಅಷ್ಟೇ. ಮೇಜಿನ ಮೇಲೆ ದೊಡ್ಡ ನೀರಿನ ಬಾಟಲಿ ಬೇಡ, ಸಣ್ಣ ಲೋಟ ಇಡಿ. ಖಾಲಿಯಾದರೆ ಏಳಲೇಬೇಕು. ಫೋನ್ ಚಾರ್ಜರ್ ಪಕ್ಕದ ಕೋಣೆಯಲ್ಲಿರಲಿ. ವಿಡಿಯೊ ಬೇಡದ ಕಾಲ್‌ಗಳನ್ನು ನಿಂತು, ಓಡಾಡುತ್ತ ಮುಗಿಸಿ. ಊಟ ಮಾತ್ರ ಯಾವ ಕಾರಣಕ್ಕೂ ಆ ಮೇಜಿನಲ್ಲಿ ಬೇಡ. ಇದಲ್ಲದೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಆಯಿತು. ಮೊದಲು ಆಫೀಸಿಗೆ ಹೋಗಿಬರುವುದರಲ್ಲೇ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತಿತ್ತು ಅಲ್ವಾ?

ಇಷ್ಟು ಕೂತರೂ ಕೆಲಸ ಯಾಕೆ ಮುಗಿಯುವುದಿಲ್ಲ? ವರದಿ ಬರೆಯುತ್ತಿರುತ್ತೀರಿ, ಮೆಸೇಜ್ ಟಿಣ್ ಅನ್ನುತ್ತದೆ, ಉತ್ತರ ಕೊಟ್ಟು ವಾಪಸ್ ಬರುತ್ತೀರಿ. ಕಣ್ಣು ವರದಿಯ ಮೇಲಿದೆ, ಮನಸ್ಸು ಇನ್ನೂ ಆ ಮೆಸೇಜಿನಲ್ಲಿದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ‘ಗಮನದ ಶೇಷ’ ಎಂದು ಕರೆದರು. ಹಿಂದಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಅದರ ಎಳೆತ ಜಾಸ್ತಿ. ದಿನದಲ್ಲಿ ನಿಮ್ಮ ತಲೆ ಚುರುಕಾಗಿರುವ ಎರಡು ಗಂಟೆಯನ್ನು ಆರಿಸಿಕೊಳ್ಳಿ. ‘ಇಷ್ಟರಿಂದ ಇಷ್ಟರವರೆಗೆ ಮೆಸೇಜ್ ನೋಡುವುದಿಲ್ಲ, ತುರ್ತಿದ್ದರೆ ಫೋನ್ ಮಾಡಿ’ ಎಂದು ಜೊತೆಯವರಿಗೆ ಮೊದಲೇ ಹೇಳಿಬಿಡಿ. ಫೋನ್ ಬರುವುದು ತುಂಬಾ ಕಡಿಮೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ನನಗೆ ನಿಜಕ್ಕೂ ಆತಂಕ ತಂದದ್ದು ರಾತ್ರಿ ಹತ್ತು ಎಂಬ ಮಾತು. ದಿನಕ್ಕೆ ಹದಿನಾಲ್ಕು ಗಂಟೆ ಅಂದರೆ ಐದು ದಿನಕ್ಕೆ ಎಪ್ಪತ್ತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು. ಹೆದರಿಸಲು ಹೇಳುತ್ತಿಲ್ಲ. ಈ ಒಂದನ್ನು ಮುಂದೂಡಬೇಡಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಸಂಜೆ ಏಳು ಗಂಟೆಗೆ ಕೆಲಸ ಮುಗಿಸುವುದು ಅಂತ ಇಟ್ಟುಕೊಳ್ಳಿ. ನಾಳೆ ಮೊದಲು ಮಾಡಬೇಕಾದದ್ದನ್ನು ಕಾಗದದಲ್ಲಿ ಎರಡು ಸಾಲು ಬರೆದಿಡಿ. ಬರೆದಿಟ್ಟ ಕೆಲಸ ರಾತ್ರಿ ಅಷ್ಟಾಗಿ ಕಾಡುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕಣ್ಣಿಗೆ ಬೀಳದ ಹಾಗೆ ಬೀರುವಿನಲ್ಲಿಡಿ. ಚಪ್ಪಲಿ ಹಾಕಿಕೊಂಡು ಹೊರಗೆ ಹತ್ತು ನಿಮಿಷ ನಡೆದು ಮನೆಗೆ ವಾಪಸ್ ಬನ್ನಿ. ಹೀಗೆ ಕೆಲಸ ಮುಗಿಸಿ ಮನೆಗೆ ಬರುವುದು ಮೂರು ವರ್ಷದಿಂದ ನಿಮಗೆ ತಪ್ಪಿಹೋಗಿದೆ.

ಮನೆಯವರ ಮಾತಿಗೂ ಇದರಿಂದ ಸ್ವಲ್ಪ ದಾರಿಯಾಗಬಹುದು. ನೀವು ಯಾವಾಗ ಕೆಲಸದಲ್ಲಿದ್ದೀರಿ, ಯಾವಾಗ ಇಲ್ಲ ಎಂದು ಅವರಿಗೆ ಈಗ ಹೇಗೆ ಗೊತ್ತಾಗಬೇಕು? ಮೇಜಿನ ದೀಪ ಉರಿಯುತ್ತಿದ್ದರೆ ಕೆಲಸ, ಆರಿದರೆ ನಾನು ನಿಮ್ಮವನು ಅಂತ ಹೇಳಿ. ಆರಿದ ಮೇಲೆ ಫೋನ್ ಹಿಡಿದು ಕೂರಬೇಡಿ.

ಕೊನೆಯದಾಗಿ, ನೀವು ‘ದೊಡ್ಡದಲ್ಲ ಬಿಡಿ’ ಎಂದ ಆ ಕೈ. ಜುಮ್ಮೆನ್ನುವುದು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಾ? ನಿದ್ದೆಯಲ್ಲಿ ಎಚ್ಚರವಾಗಿ, ಕೈ ಕೊಡವಿದರೆ ಹಗುರಾಗುತ್ತದಾ? ಮಣಿಕಟ್ಟಿನಲ್ಲಿ ಹಾದುಹೋಗುವ ನರ ಒತ್ತಿಕೊಂಡಾಗ ಹೀಗಾಗುತ್ತದೆ. ಕುತ್ತಿಗೆಯಲ್ಲಿ ನರ ಒತ್ತಿಕೊಂಡರೂ ಆಗಬಹುದು. ಯಾವುದು ಎಂದು ಪತ್ರ ಓದಿ ಹೇಳಲಾಗದು, ವೈದ್ಯರು ಕೈ ಹಿಡಿದು ನೋಡಬೇಕು. ಬೇಗ ಹೋದರೆ ಎಷ್ಟೋ ಸಲ ರಾತ್ರಿ ಕಟ್ಟಿಕೊಳ್ಳುವ ಒಂದು ಪಟ್ಟಿಯಲ್ಲೇ ಗುಣ ಕಾಣುತ್ತದೆ. ತಡವಾದರೆ ಹೆಬ್ಬೆರಳ ಬುಡದ ಸ್ನಾಯು ಸೊರಗಿ ಹಿಡಿತವೇ ಸಡಿಲವಾಗಬಹುದು. ಕುರ್ಚಿ, ಕೀಬೋರ್ಡ್ ಎಲ್ಲ ಆಮೇಲೆ. ಈ ವಾರವೇ ವೈದ್ಯರ ಹತ್ತಿರ ಹೋಗಿ ಬನ್ನಿ. ಏನಂದರು ಎಂದು ನನಗೊಂದು ಸಾಲು ಬರೆಯಿರಿ.